ಸರಕು ಸೈಕಲ್

ಸರಕು ಸೈಕಲ್ ಎಂಬುದು ಮನುಷ್ಯನ ಕಾಲ್ಬಲದಿಂದಾಗಲಿ, ಆ ಬಲಕ್ಕೆ ಸಹಾಯಕವಾದ ಅಲ್ಪಶಕ್ತಿಯ ವಿದ್ಯುತ್ ಮೋಟಾರಿನಿಂದಾಗಲಿ ಚಲಿಸುವ, ಸರಕನ್ನು ಹೊರುವುದಕ್ಕೆಂದೇ ನಿರ್ಮಿತವಾದ ಅಥವಾ ಆ ಕಾರ್ಯಕ್ಕೆ ಹೊಂದಿಸಿಕೊಂಡ, ಎರಡು, ಮೂರು ಅಥವಾ ನಾಲ್ಕು ಚಕ್ರಗಳ ವಾಹನ. ಪೇಟೆಯ ಸಗಟು ಮಳಿಗೆಯಿಂದ ಚಿಲ್ಲರೆ ಅಂಗಡಿಗೂ ಅಂಗಡಿಯಿಂದ ಮನೆಯ ಬಾಗಿಲಿಗೂ ಸರಕನ್ನು ಮುಟ್ಟಿಸುವ ಕೊನೆಯ ಹಂತದ ಸಾಗಣೆಯೇ ಇದರ ಮುಖ್ಯ ಕ್ಷೇತ್ರ. ಪ್ರಸ್ತುತ ಲೇಖನದಲ್ಲಿ ಸಾಮಾನ್ಯ ಸೈಕಲ್ಲಿನ ಹಿಂಬದಿಯ ಕ್ಯಾರಿಯರನ್ನೇ ಭಾರವಾಹಕವಾಗಿಸಿಕೊಂಡ ಬಗೆಯನ್ನು ಕ್ಯಾರಿಯರ್ ಸೈಕಲ್ ಎಂದೂ, ಹಲಗೆಯ ತಟ್ಟನ್ನು ಹೊತ್ತ ಮೂರು ಚಕ್ರದ ಬಗೆಯನ್ನು ಸೈಕಲ್ ಗಾಡಿ ಎಂದೂ, ಮುಂಭಾಗದಲ್ಲಿ ಪೆಟ್ಟಿಗೆಯನ್ನು ಹೊಂದಿದ ಐರೋಪ್ಯ ಬಗೆಯನ್ನು ಪೆಟ್ಟಿಗೆ ಸೈಕಲ್ ಎಂದೂ ಕರೆದಿದೆ. ಕೈಯಿಂದ ನೂಕುವ ತಳ್ಳುಗಾಡಿ ಈ ವರ್ಗಕ್ಕೆ ಸೇರದು.

ಉಗಮ ಮತ್ತು ಬೆಳವಣಿಗೆ

ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ 1817ರಲ್ಲಿ ಕಾರ್ಲ್ ಡ್ರೈಸ್ ಎಂಬಾತನು ನೆಲಕ್ಕೆ ಕಾಲು ಕೊಟ್ಟು ಓಡಿಸುವ ದ್ವಿಚಕ್ರಿಯನ್ನು ಪ್ರದರ್ಶಿಸಿದಂದಿನಿಂದ ಸೈಕಲ್ಲಿನ ಚರಿತ್ರೆ ಆರಂಭವಾಗುವುದಾದರೂ, ಭಾರ ಹೊರುವ ಯೋಗ್ಯತೆ ಅದಕ್ಕೆ ಒದಗಿಬಂದುದು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರಗಳೂ ಹಿಂದಿನ ಚಕ್ರಕ್ಕೆ ಚೈನೂ ಉಳ್ಳ ರೋವರ್ ಸೈಕಲ್ಲನ್ನು ರೂಪಿಸಿದ ಮೇಲೆ, ಮತ್ತು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ. ಅಲ್ಲಿಂದ ಮುಂದೆ ಮಾಂಸದಂಗಡಿ, ಬ್ರೆಡ್ಡಿನ ಅಂಗಡಿ, ಅಂಚೆ, ವೃತ್ತಪತ್ರಿಕೆ ಇವೆಲ್ಲವೂ ಯುರೋಪಿನ ನಗರಗಳಲ್ಲಿ ಸೈಕಲ್ಲನ್ನು ಆಶ್ರಯಿಸಿದುವು. ನೆದರ್‌ಲೆಂಡಿನಲ್ಲಿ ಮುಂದೆ ಎರಡು ಚಕ್ರಗಳ ನಡುವೆ ಮರದ ಪೆಟ್ಟಿಗೆಯನ್ನು ಕೂರಿಸಿದ ಬಾಕ್‌ಫೀಟ್ಸ್ ಪ್ರಚಾರಕ್ಕೆ ಬಂದಿತು. ಡೆನ್ಮಾರ್ಕಿನಲ್ಲಿ 1920ರ ದಶಕದಲ್ಲಿ ಹ್ಯಾಂಡಲ್ಲಿಗೂ ಮುಂದಿನ ಚಕ್ರಕ್ಕೂ ನಡುವೆ ತಗ್ಗಾದ ಉದ್ದನೆಯ ತಟ್ಟನ್ನುಳ್ಳ ಲಾಂಗ್ ಜಾನ್ ಎಂಬ ಮಾದರಿ ಸಿದ್ಧವಾಯಿತು.

ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ವ್ಯಾನುಗಳು ಸುಲಭವಾದುದರಿಂದ ಆ ದೇಶಗಳಲ್ಲಿ ಈ ವಾಹನಗಳು ಬಹುಮಟ್ಟಿಗೆ ಮರೆಯಾದುವು. ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಬಡಾವಣೆಯಲ್ಲಿ 1984ರಲ್ಲಿ ತಯಾರಾದ ಮೂರು ಚಕ್ರದ ಪೆಟ್ಟಿಗೆ ಸೈಕಲ್ ಪುನರುಜ್ಜೀವನದ ಮೊದಲ ಹೆಜ್ಜೆಗಳಲ್ಲಿ ಒಂದು. ವಾಹನದಟ್ಟಣೆ, ಹೊಗೆ, ನಿಲುಗಡೆಗೆ ಸ್ಥಳಾಭಾವ ಇವು ನಗರಕೇಂದ್ರಗಳನ್ನು ಪೀಡಿಸತೊಡಗಿದಾಗ ವ್ಯಾಪಾರಸಂಸ್ಥೆಗಳೂ ಈ ಕಡೆ ತಿರುಗಿದುವು. 2012ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಸಂಸ್ಥೆಯು ಬೆಳಗಿನಲ್ಲಿ ಕಂಟೈನರುಗಳನ್ನು ಪೇಟೆಯ ಮಧ್ಯದಲ್ಲಿ ಇಳಿಸಿ, ಅಲ್ಲಿಂದ ಸೈಕಲ್ಲಿನ ಮೂಲಕವೂ ಕಾಲುನಡಿಗೆಯಲ್ಲಿಯೂ ಪೊಟ್ಟಣಗಳನ್ನು ಹಂಚುವ ವ್ಯವಸ್ಥೆಯನ್ನು ಆರಂಭಿಸಿತು. ಇಂಥ ಮಧ್ಯಂತರ ತಾಣಕ್ಕೆ ಇಲ್ಲಿ ಕಿರುಗೋದಾಮು ಎಂಬ ಪದವನ್ನು ಬಳಸಿದೆ. ಯುರೋಪಿಯನ್ ಒಕ್ಕೂಟದ ಸೈಕಲ್‌ಲಾಜಿಸ್ಟಿಕ್ಸ್ ಯೋಜನೆಯು (2011–14) ಐರೋಪ್ಯ ನಗರಗಳಲ್ಲಿ ಸರಕಿನ ನಿಮಿತ್ತ ನಡೆಯುವ ಮೋಟಾರು ಸಂಚಾರಗಳಲ್ಲಿ ನೂರಕ್ಕೆ 51ರಷ್ಟನ್ನು ಸೈಕಲ್ಲಿಗೆ ವರ್ಗಾಯಿಸಬಹುದೆಂದು ಅಂದಾಜು ಮಾಡಿದೆ. ಲಂಡನ್ನಿನ ಮಧ್ಯಭಾಗದ ಸಂಚಾರವನ್ನು ಪರಿಶೀಲಿಸಿ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸರಕು ಸೈಕಲ್ ವ್ಯಾನಿಗಿಂತ ನೂರಕ್ಕೆ ಸುಮಾರು 60ರಷ್ಟು ಶೀಘ್ರವಾಗಿ ಬಟವಾಡೆ ಮಾಡುತ್ತದೆ. ವ್ಯಾನಿಗೆ ವೇಗವಿದ್ದರೂ ನಿಲ್ಲಲು ಸ್ಥಳ ಹುಡುಕುವುದರಲ್ಲಿಯೂ, ನಿಂತಲ್ಲಿಂದ ಬಾಗಿಲವರೆಗೆ ನಡೆಯುವುದರಲ್ಲಿಯೂ ಕಾಲ ಕಳೆಯುವುದೇ ಇದಕ್ಕೆ ಮುಖ್ಯ ಕಾರಣ.

ಕನ್ನಡನಾಡಿನಲ್ಲಿ

ಪಶ್ಚಿಮದಲ್ಲಿ ಪುನರ್ಜನ್ಮ ಪಡೆದ ಈ ಪದ್ಧತಿ ಕನ್ನಡನಾಡಿನ ಪೇಟೆಗಳಲ್ಲಿ ಎಂದೂ ಸಂಪೂರ್ಣವಾಗಿ ನಿಂತುಹೋಗಲಿಲ್ಲವೆಂಬುದು ಇದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಮನಿಸದಿರುವ ಸಂಗತಿ. ಸ್ವಾತಂತ್ರ್ಯಪೂರ್ವದಲ್ಲಿ ಸೈಕಲ್ಲುಗಳು ಬಹುಪಾಲು ಇಂಗ್ಲೆಂಡಿನಿಂದ ಬರುತ್ತಿದ್ದುವು. ರ‍್ಯಾಲಿ, ಹಂಬರ್, ಹರ್ಕ್ಯುಲಿಸ್, ಬಿಎಸ್‌ಎ ಎಂಬ ಹೆಸರುಗಳು ಮನೆಮಾತಾಗಿದ್ದುವು. ಮದರಾಸಿನ ಬಳಿಯ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಸೋನಿಪತ್ತಿನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಸ್ಥಾಪಿತವಾದ ಮೇಲೆ, ಮೇಷ್ಟರಿಗೂ ಅಮಲ್ದಾರರ ಕಚೇರಿಯ ಗುಮಾಸ್ತರಿಗೂ ಮೀಸಲಾಗಿದ್ದಂತಿದ್ದ ವಾಹನವು ಹಾಲಿನವರು, ತರಕಾರಿಯವರು, ಬಟ್ಟೆಯ ಗಂಟು ಹೊತ್ತು ಊರೂರು ತಿರುಗುವವರು ಮೊದಲಾದವರ ಕೈಗೆ ಬಂದಿತು.

ಬೆಂಗಳೂರಿನ ಹಳೆಯ ಪೇಟೆ ಈ ವಿಷಯದಲ್ಲಿ ವಿಶೇಷವಾಗಿ ಪರಿಶೀಲನಾರ್ಹ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಈ ಭಾಗದಲ್ಲಿ ಚಿಕ್ಕಪೇಟೆ, ದೊಡ್ಡಪೇಟೆಗಳೆಂಬ ಎರಡು ಹಿರಿಬೀದಿಗಳು ಒಂದನ್ನೊಂದು ಕತ್ತರಿಸಿ ಹಾಯುವುವು. ಅವುಗಳ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ರಾಗಿಪೇಟೆ ಎಂದು ಕಸುಬಿಗೊಂದು ಪೇಟೆ. ಎತ್ತಿನ ಗಾಡಿ, ಹೇರುಕತ್ತೆ ಮತ್ತು ತಲೆಹೊರೆಗಳ ಅಳತೆಗೆ ತಕ್ಕಂತೆ ಬೆಳೆದ ಗಲ್ಲಿಗಳಲ್ಲಿ ಲಾರಿ ಹೋಗದು, ಹೋದರೂ ತಿರುಗದು. ಆದುದರಿಂದ ಕಲಾಸಿಪಾಳ್ಯದಲ್ಲಿಯೂ ಕೃಷ್ಣರಾಜೇಂದ್ರ ಮಾರುಕಟ್ಟೆಯ ಆಸುಪಾಸಿನಲ್ಲಿಯೂ ಲಾರಿಯಿಂದ ಇಳಿದ ಸರಕು ಅಲ್ಲಿಂದ ಮುಂದಕ್ಕೆ ಹಮಾಲಿಯ ಬೆನ್ನನ್ನೋ, ತಳ್ಳುಗಾಡಿಯನ್ನೋ, ಸೈಕಲ್ ಗಾಡಿಯನ್ನೋ ಏರಿ ಅಂಗಡಿಯನ್ನು ಸೇರುವ ಪರಿಪಾಠ ಬೆಳೆದು ಇಂದಿಗೂ ಉಳಿದಿದೆ. ಹ್ಯಾಂಬರ್ಗಿನ ಕಂಟೈನರು ಮಾಡುವ ಕೆಲಸವನ್ನೇ ಇಲ್ಲಿ ಲಾರಿಕಚೇರಿಯ ಮುಂದಣ ಜಗಲಿ ಬಹುಕಾಲದಿಂದ ಮಾಡುತ್ತ ಬಂದಿದೆ.

ರಚನೆ

ಕ್ಯಾರಿಯರ್ ಸೈಕಲ್ಲಿನ ಆಧಾರವು 28 ಅಂಗುಲದ ಚಕ್ರಗಳ, ಉಕ್ಕಿನ ಕೊಳವೆಯ ಚೌಕಟ್ಟಿನ, ಕಂಬಿ ಬ್ರೇಕಿನ, ಸುಮಾರು 20ರಿಂದ 22 ಕಿಲೋ ತೂಗುವ ಸಾಮಾನ್ಯ ಭಾರತೀಯ ಸೈಕಲ್. ಇದನ್ನು ಹೇರಿಗೆ ಸಿದ್ಧಗೊಳಿಸುವ ಕ್ರಮ ಯಾವ ಕಾರ್ಖಾನೆಯಲ್ಲಿಯೂ ಹುಟ್ಟಿದುದಲ್ಲ. ಊರಿನ ಸೈಕಲ್ ಶಾಪಿನಲ್ಲಿಯೂ ವೆಲ್ಡಿಂಗ್ ಅಂಗಡಿಯಲ್ಲಿಯೂ ರೂಪುಗೊಂಡುದು. ಕಂಪೆನಿ ಕೊಟ್ಟ ಹಗುರವಾದ ಕ್ಯಾರಿಯರನ್ನು ಕಳಚಿ ದಪ್ಪ ಸರಳಿನ ಅಗಲವಾದ ಕ್ಯಾರಿಯರನ್ನು ಕೂರಿಸುವುದು, ಮುಂದಿನ ಫೋರ್ಕಿಗೆ ಎರಡು ಪಕ್ಕದಲ್ಲಿಯೂ ಆಸರೆ ಕಂಬಿಗಳನ್ನು ಹಾಕಿಸುವುದು, ಒಂಟಿಕಾಲಿನ ಸ್ಟ್ಯಾಂಡಿಗೆ ಬದಲಾಗಿ ಹಿಂದಿನ ಚಕ್ರವನ್ನೇ ನೆಲದಿಂದ ಎತ್ತಿ ನಿಲ್ಲಿಸುವ ಜೋಡಿಕಾಲಿನ ಸ್ಟ್ಯಾಂಡನ್ನು ಬಿಗಿಸುವುದು ಇವು ಸಾಮಾನ್ಯ ಮಾರ್ಪಾಡುಗಳು.

ಹೇರಿನ ವಿಧಾನ ಸರಕಿಗೆ ತಕ್ಕಂತೆ ಭಿನ್ನವಾಗುವುದು. ಹಾಲಿನ ಕ್ಯಾನುಗಳನ್ನು ಕ್ಯಾರಿಯರಿನ ಎರಡು ಬದಿಗೂ ಕಬ್ಬಿಣದ ಕೊಕ್ಕೆಗಳಿಂದ ತೂಗುಹಾಕುವರು. ಒಂದು ಬದಿಯ ಕ್ಯಾನು ಖಾಲಿಯಾದಂತೆ ಇನ್ನೊಂದು ಬದಿಯಿಂದ ಅದಕ್ಕೆ ಸುರಿದು ಸಮತೂಕವನ್ನು ಕಾಯುವುದು ಹಾಲಿನವರ ನಿತ್ಯದ ಅಭ್ಯಾಸ. ಎಳನೀರಿನ ಗೊನೆಗಳನ್ನು ಹಗ್ಗದಿಂದ ಜೋಡಿಕಟ್ಟಿ ಕ್ಯಾರಿಯರಿನ ಮೇಲೂ ಚೌಕಟ್ಟಿನ ಮೇಲ್ಕಂಬಿಯ ಮೇಲೂ ಇಳಿಬಿಡುವರು. ಸೊಪ್ಪು ತರಕಾರಿಗಳಿಗಾದರೆ ಕ್ಯಾರಿಯರಿನ ಮೇಲೆ ಅಡ್ಡಲಾಗಿ ಹಲಗೆಯನ್ನು ಕಟ್ಟಿ ಅದರ ಮೇಲೆ ಬುಟ್ಟಿಯನ್ನಿಟ್ಟು, ನೆನೆಸಿದ ಗೋಣಿಯನ್ನು ಹೊದಿಸುವರು. ಇವೆಲ್ಲಕ್ಕೂ ಸಾಮಾನ್ಯವಾದ ಸಾಧನವೆಂದರೆ ಉದ್ದಕ್ಕೆ ಸೀಳಿದ ಹಳೆಯ ಟ್ಯೂಬು: ಹಗ್ಗವು ಸರಕು ಕುಗ್ಗಿದೊಡನೆ ಸಡಿಲವಾದರೆ ರಬ್ಬರು ತಾನೂ ಕುಗ್ಗಿ ಹಿಡಿತವನ್ನು ಬಿಡದು. ಹೇರು ಅತಿಯಾದಾಗ ಸವಾರನು ಇಳಿದು, ಒಂದು ಕೈಯಿಂದ ಹ್ಯಾಂಡಲ್ಲನ್ನೂ ಇನ್ನೊಂದರಿಂದ ಸೀಟನ್ನೂ ಹಿಡಿದು, ಸೈಕಲ್ಲನ್ನು ತನ್ನ ಕಡೆಗೆ ತುಸು ವಾಲಿಸಿಕೊಂಡು ನಡೆಸುವನು.

ಸೈಕಲ್ ಗಾಡಿಯಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಅಚ್ಚು ಇದ್ದು, ಅದರ ಮೇಲೆ ಹಲಗೆಯ ಅಥವಾ ತಗಡಿನ ತಟ್ಟನ್ನು ಜೋಡಿಸಿರುವುದು. ಭಾರದ ಬಹುಭಾಗ ಅಚ್ಚಿನ ಮೇಲೆಯೇ ಬೀಳುವುದರಿಂದ ನಿಂತಾಗ ಸಮತೋಲನದ ಚಿಂತೆಯಿಲ್ಲ. ಆದರೆ ತಿರುವಿನಲ್ಲಿ ವೇಗವನ್ನು ತಗ್ಗಿಸದಿದ್ದರೆ ಒಳಬದಿಯ ಚಕ್ರ ನೆಲ ಬಿಟ್ಟೇಳುವುದು. ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕನ್ನು ಹಾಕಿ ಇಳಿಜಾರಿನಲ್ಲಿ ಬಿಡುವ ವಾಡಿಕೆಯು ಈ ಗಾಡಿಯ ಅತ್ಯಂತ ಅಪಾಯಕರವಾದ ದೋಷ.

ಪ್ರಭೇದಗಳು

ಕ್ಯಾರಿಯರ್ ಸೈಕಲ್ಲಿಗೆ 50ರಿಂದ 60 ಕಿಲೋ ಸುಗಮವಾದ ಹೇರು; ಲಾಂಗ್ ಜಾನ್ ಮತ್ತು ಮೂರು ಚಕ್ರದ ಪೆಟ್ಟಿಗೆ ಸೈಕಲ್ಲುಗಳಿಗೆ ಸುಮಾರು 100 ಕಿಲೋ; ಸೈಕಲ್ ಗಾಡಿಗೆ 200 ಕಿಲೋವಿಗೂ ಮೇಲ್ಪಟ್ಟು. ಐರೋಪ್ಯ ಪಾರ್ಸೆಲ್ ಸಂಸ್ಥೆಗಳು ಈಚೆಗೆ ಬಳಸುತ್ತಿರುವ, ಮುಚ್ಚಿದ ಪೆಟ್ಟಿಗೆಯನ್ನುಳ್ಳ ನಾಲ್ಕು ಚಕ್ರದ ವಿದ್ಯುತ್ ಸೈಕಲ್ಲುಗಳು ಗಾತ್ರದಲ್ಲಿ ಚಿಕ್ಕ ವ್ಯಾನನ್ನೇ ಹೋಲುವುವು. ಇವುಗಳ ಹೊರತಾಗಿ ಸರಕಿಗೆಂದೇ ವಿಶಿಷ್ಟವಾದ ಕೆಲವು ಬಗೆಗಳುಂಟು: ಐಸ್‌ಕ್ಯಾಂಡಿಯ ಡಬ್ಬಿಯನ್ನು ಕ್ಯಾರಿಯರಿಗೆ ಬಿಗಿದುದು, ಗ್ಯಾಸ್ ಸಿಲಿಂಡರುಗಳನ್ನು ನಿಲ್ಲಿಸಲು ಕಟಕಟೆಯಿರುವ ಸೈಕಲ್ ಗಾಡಿ, ಪುರಸಭೆಯ ಕಸದ ಡಬ್ಬಿಗಳನ್ನು ಹೊತ್ತ ತ್ರಿಚಕ್ರಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲ್ಲನ್ನು ತುಳಿದರೆ ಸಾಣೆಕಲ್ಲು ತಿರುಗುವಂತೆ ಜೋಡಿಸಿಕೊಂಡ ಸಾಣೆಯವರ ಸೈಕಲ್. ಕಡೆಯದು ವಾಹನವೂ ಹೌದು, ಕಾರ್ಯಾಗಾರವೂ ಹೌದು.

ಶಕ್ತಿಯ ಲೆಕ್ಕ

ಸರಕು ಸೈಕಲ್ಲಿನ ಶಕ್ಯಾಶಕ್ಯತೆಯನ್ನು ನಿರ್ಧರಿಸುವುದು ದೂರಕ್ಕಿಂತ ಹೆಚ್ಚಾಗಿ ಏರು. ಸವಾರನು 60, ಸೈಕಲ್ 22, ಸರಕು 68, ಒಟ್ಟು 150 ಕಿಲೋ ಎಂದಿಟ್ಟುಕೊಂಡು, ಗಂಟೆಗೆ 10 ಕಿಲೋಮೀಟರಿನ ವೇಗವನ್ನು ಅಂಗೀಕರಿಸಿದರೆ, ಸಮತಲವಾದ ಡಾಂಬರು ರಸ್ತೆಯಲ್ಲಿ ಚಕ್ರದ ಉರುಳುಘರ್ಷಣೆಯನ್ನು ಜಯಿಸಲು ಸುಮಾರು 40 ವಾಟ್ ಸಾಕು. ದಿನವಿಡೀ ದುಡಿಯುವ ಮನುಷ್ಯನು ಆಯಾಸವಿಲ್ಲದೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್ ಎಂದು ಗಣಿಸುವುದುಂಟಾದುದರಿಂದ ಇದು ಸುಸಾಧ್ಯ. ಅದೇ ರಸ್ತೆಯು ನೂರು ಅಡಿಗೆ ಮೂರು ಅಡಿಯಂತೆ ಏರತೊಡಗಿದರೆ ಮತ್ತೆ 120 ವಾಟಿನಷ್ಟು ಬೇಕಾಗಿ, ಒಟ್ಟು 160 ವಾಟನ್ನು ಮುಟ್ಟುವುದು. ಆಗ ಸವಾರನು ಇಳಿದು ನೂಕದೆ ಗತ್ಯಂತರವಿಲ್ಲ. 250 ವಾಟಿನ ಸಹಾಯಕ ಮೋಟಾರು ಪೂರೈಸುವುದು ಸರಿಯಾಗಿ ಈ ಅಂತರವನ್ನು. ಯಾರ ಮೊಣಕಾಲು, ಯಾರ ಸೊಂಟ ಈ ಲೆಕ್ಕದ ಹೊರೆಯನ್ನು ಇಷ್ಟು ವರ್ಷ ತಾಳಿತೆಂಬುದನ್ನು ನೆನೆದರೆ, ಆ ಚಿಕ್ಕ ಮೋಟಾರನ್ನು ವಿಲಾಸವೆಂದು ಎಣಿಸುವುದು ನ್ಯಾಯವಲ್ಲ.

ಮಧುಗಿರಿ ಸೀಮೆಯ ಪೇಟೆಗಳು

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮುಖ್ಯಪಟ್ಟಣಗಳು ಚಿಕ್ಕವು. ಒಂದು ತುದಿಯಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ಅಲ್ಪಕಾಲದಲ್ಲಿ ಹೋಗಿಬರಬಹುದಾದಷ್ಟೇ ಅವುಗಳ ವಿಸ್ತಾರ. ಅಂಗಡಿಬೀದಿಗಳೆಲ್ಲ ಬಸ್ ನಿಲ್ದಾಣದ ಸುತ್ತಮುತ್ತ ಒತ್ತಾಗಿ ಸೇರಿವೆ. ಹಳೆಯ ಕಾಲದಲ್ಲಿ ಮದ್ದಗಿರಿ ಎನಿಸಿದ್ದ ಮಧುಗಿರಿಯು ಏಕಶಿಲಾಬೆಟ್ಟದ ಬುಡದಲ್ಲಿ, ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳ ಸುತ್ತ ಬೆಳೆದ ಕೋಟೆಯ ಊರು. ಶಿರಾ ಪಟ್ಟಣವು 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಗಿ, 1696ರ ಜುಮ್ಮಾ ಮಸೀದಿಯೇ ಮೊದಲಾದ ಕಟ್ಟಡಗಳನ್ನು ಪಡೆದು, ತನ್ನ ಉಚ್ಛ್ರಾಯಕಾಲದಲ್ಲಿ ದೊಡ್ಡ ವ್ಯಾಪಾರಸ್ಥಳವಾಗಿದ್ದಿತು. ಪಾವಗಡವು ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದ್ದು, ಅಲ್ಲಿಯ ಪೇಟೆಗೆ ಎರಡು ಭಾಷೆಯ ಜನರೂ ಬರುವರು. ಇಂಥ ಊರುಗಳ ಒಳಬೀದಿಗಳು ಮೋಟಾರಿನ ಕಾಲಕ್ಕೆ ಮೊದಲೇ ನಿಶ್ಚಿತವಾದುವು. ಬೆಂಗಳೂರಿನ ಪೇಟೆಯ ಸಮಸ್ಯೆಯೇ ಇಲ್ಲಿ ಕಿರಿಯ ಪ್ರಮಾಣದಲ್ಲಿ ಕಾಣುವುದು.

ಬಹುಕಾಲ ಈ ನಾಲ್ಕು ಪಟ್ಟಣಗಳಿಗೂ ರೈಲಿನ ಸಂಪರ್ಕವಿರಲಿಲ್ಲ. ತುಮಕೂರಿನಿಂದಲೂ ಬೆಂಗಳೂರಿನಿಂದಲೂ ಹಿಂದೂಪುರದಿಂದಲೂ ಸರಕು ಲಾರಿಯಲ್ಲಿಯೋ ಬಸ್ಸಿನ ಮೇಲೆಯೋ ಬಂದು ನಿಲ್ದಾಣದಲ್ಲಿ ಇಳಿಯುತ್ತಿದ್ದಿತು. ಬಸ್ಸಿನ ಮೇಲಿಂದ ಇಳಿಸಿದ ಬೆಲ್ಲದ ಪಿಂಡಿ, ಬಟ್ಟೆಯ ಬೇಲು, ಹೂವಿನ ಕುಕ್ಕೆ ಇವು ಅಂಗಡಿಗೆ ಸೇರುವ ಕೊನೆಯ ಕೆಲವು ನೂರು ಗಜಗಳೇ ಸೈಕಲ್ಲಿನ ಕ್ಷೇತ್ರ. ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ, ಅಂದರೆ ಹಳ್ಳಿಯಿಂದ ಪೇಟೆಗೆ, ಹಾಲು, ಸೊಪ್ಪು, ಹುಣಿಸೇಹಣ್ಣು, ಹೊಂಗೆಬೀಜ, ಸಂತೆಯ ದಿನ ಕೋಳಿಗಳು, ಕಡಲೆಕಾಯಿಯ ಕಾಲದಲ್ಲಿ ಕಡಲೆಕಾಯಿಯ ಮೂಟೆ ಸೈಕಲ್ಲಿನ ಮೇಲೆ ಬರುತ್ತಿದ್ದುವು. ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಏರ್ಪಟ್ಟ ಮೇಲೆ ದೂರದ ಹಾಲಿನ ಸಾಗಣೆ ಅವುಗಳ ವಾಹನಕ್ಕೆ ಹೋಯಿತು. ಆದರೂ ವರ್ತನೆಯ ಮನೆಗಳಿಗೆ ಹಾಲು ಹಾಕುವವರು ಉಳಿದರು. ದೇವಸ್ಥಾನಗಳ ವ್ಯಾಪಾರಕ್ಕೂ ಇದರ ನಂಟುಂಟು: ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮೀ ಸನ್ನಿಧಿ, ಶನಿವಾರಗಳಂದು ಪಾವಗಡದ ಶನಿಮಹಾತ್ಮ ದೇವಸ್ಥಾನ ಇಲ್ಲೆಲ್ಲ ಜನಸಂದಣಿಯ ನಡುವೆ ಕಡಲೆಪುರಿ, ಬತ್ತಾಸು, ಹೂ, ಎಳ್ಳೆಣ್ಣೆಗಳನ್ನು ಒಯ್ಯಲು ದೊಡ್ಡ ವಾಹನ ಬಾರದು.

ಊರೊಳಗಿನ ವ್ಯಾಪಾರಕ್ಕೆ ಸೈಕಲ್ ಒದಗಿಸಿದ ದೊಡ್ಡ ಉಪಕಾರವೆಂದರೆ ಬಂಡವಾಳದ ಅಲ್ಪತೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳು ಪ್ರತಿ ಊರಿನಲ್ಲಿಯೂ ಇದ್ದ ಕಾಲದಲ್ಲಿ, ಸ್ವಂತ ವಾಹನವಿಲ್ಲದವರೂ ಬೆಳಿಗ್ಗೆ ಸೈಕಲ್ಲನ್ನು ಪಡೆದು, ಸಗಟು ಅಂಗಡಿಯಲ್ಲಿ ಸಾಲಕ್ಕೆ ಸರಕನ್ನು ಹಿಡಿದು, ಬೀದಿ ಬೀದಿ ಮಾರಿ, ಸಂಜೆಗೆ ಎರಡು ಋಣವನ್ನೂ ತೀರಿಸಿ ದಿನದ ಅನ್ನವನ್ನು ಗಳಿಸಬಹುದಾಗಿದ್ದಿತು.

ಇಳಿಮುಖ

ಈ ವ್ಯವಸ್ಥೆಯನ್ನು ಮೊದಲು ಅಲುಗಿಸಿದುದು ಲಾರಿಯೂ ಅಲ್ಲ, ಕಾರೂ ಅಲ್ಲ, ಮೊಪೆಡ್. ಹೊಸೂರಿನಲ್ಲಿ ತಯಾರಾಗಿ 1980ರಲ್ಲಿ ಮಾರುಕಟ್ಟೆಗೆ ಬಂದ ಟಿವಿಎಸ್ 50 ಮತ್ತು ಅದರ ಸಂತತಿಯ ಎಕ್ಸೆಲ್ ಗಾಡಿಗಳು, ಗೇರಿನ ತೊಡಕಿಲ್ಲದೆ, ಮುಂದೆ ಕಾಲಿಡುವ ಜಾಗದಲ್ಲೊಂದು ಮೂಟೆ, ಹಿಂದೆ ಎರಡು ಬದಿಗೂ ಕ್ಯಾನು, ನಡುವೆ ಸವಾರ ಎಂಬ ಹೇರನ್ನು ಎಂಥ ಏರಿನಲ್ಲಿಯೂ ಎಳೆದುವು. ಸೈಕಲ್ಲಿನ ಮೇಲೆ ಕಲಿತ ಹೇರಿನ ವಿದ್ಯೆಯೆಲ್ಲ, ಕೊಕ್ಕೆ, ಅಡ್ಡಹಲಗೆ, ಸೀಳಿದ ಟ್ಯೂಬು ಸಮೇತವಾಗಿ, ಯಥಾವತ್ತಾಗಿ ಮೊಪೆಡ್ಡಿಗೆ ಸಂಕ್ರಮಿಸಿತು. ಮುಂದೆ ಲಗೇಜ್ ಆಟೋ ಬಂದಿತು. 2005ರಲ್ಲಿ ಟಾಟಾ ಏಸ್ ಬಂದಿತು. ಸಗಟು ಅಂಗಡಿಗಳು ಒಂದೇ ಬಾರಿಗೆ ಹತ್ತು ಅಂಗಡಿಗಳ ಸರಕನ್ನು ಕಳಿಸತೊಡಗಿದ ಮೇಲೆ ಸೈಕಲ್ ಗಾಡಿಯವರ ಬಾಡಿಗೆ ಕ್ಷೀಣಿಸಿತು. ಸೈಕಲ್ಲೆಂದರೆ ಬಡತನದ ಗುರುತೆಂಬ ಭಾವನೆಯೂ ಬಲಿಯಿತು. ರಾಜ್ಯ ಸರ್ಕಾರವು 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲುಗಳು ಹಳ್ಳಿಯ ಮನೆಗಳಿಗೆ ಈ ವಾಹನವನ್ನು ಮತ್ತೆ ತಂದರೂ, ಅವುಗಳ ಹಗುರವಾದ ಚೌಕಟ್ಟು ಭಾರದ ಹೇರಿಗೆ ತಕ್ಕುದಾಗಿರಲಿಲ್ಲ.

ಕಾಯಿದೆಯ ಸ್ಥಾನಮಾನ

ಹಿಂದೆ ಪುರಸಭೆಗಳು ಸೈಕಲ್ಲಿಗೆ ವಾರ್ಷಿಕ ತೆರಿಗೆಯನ್ನು ವಿಧಿಸಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದುವು; ರಾತ್ರಿಯಲ್ಲಿ ದೀಪವಿಲ್ಲದೆ ಹೋದರೆ ದಂಡವೂ ಉಂಟಾಗಿದ್ದಿತು. ಆ ಪದ್ಧತಿ ಈಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ (1989) ಪ್ರಕಾರ 250 ವಾಟಿಗಿಂತ ಕಡಿಮೆ ಶಕ್ತಿಯ ಮೋಟಾರುಳ್ಳ, ಗಂಟೆಗೆ 25 ಕಿಲೋಮೀಟರನ್ನು ಮೀರದ ವಿದ್ಯುತ್ ಸೈಕಲ್ಲು, ನಿಯಮಗಳಲ್ಲಿ ಹೇಳಿದ ಇತರ ಲಕ್ಷಣಗಳನ್ನೂ ಹೊಂದಿದ್ದರೆ, ಮೋಟಾರು ವಾಹನವೆನಿಸದು. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. 2015ರಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ ಸೇರಿಸಿದ 2ಎ ಪ್ರಕರಣವು 4000 ವಾಟಿಗೆ ಮೀರದ ಮೂರು ಚಕ್ರದ ಇ–ಕಾರ್ಟನ್ನು ಪ್ರತ್ಯೇಕವಾಗಿ ನಿರೂಪಿಸಿದೆ. ಅದು ಮೋಟಾರು ವಾಹನ. ಸೈಕಲ್ಲಿನ ಮೇಲೆ ಸರಕನ್ನಿಟ್ಟು ಸುತ್ತಿ ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಅಧಿನಿಯಮದಲ್ಲಿ ರಕ್ಷಣೆಯಿದೆ, ಏಕೆಂದರೆ ಅದರ ನಿರೂಪಣೆಯು ಸ್ಥಳದಿಂದ ಸ್ಥಳಕ್ಕೆ ಸಂಚರಿಸಿ ಮಾರುವವರನ್ನೂ ಒಳಗೊಂಡಿದೆ. ಆದರೆ ತಾವು ಮಾರದೆ ಪರರ ಸರಕನ್ನು ಕೇವಲ ಸಾಗಿಸುವ ಸೈಕಲ್ ಗಾಡಿಯವರು ಆ ನಿರೂಪಣೆಯ ಹೊರಗೆ ನಿಲ್ಲುವರು. ಪೇಟೆಯ ಸಾಗಣೆಯಲ್ಲಿ ಇವರ ಶ್ರಮ ಕಿರಿದಲ್ಲವಾದುದರಿಂದ ಇದನ್ನು ಕಾಯಿದೆಯ ಗಣನೀಯವಾದ ಕೊರತೆಯೆಂದೇ ಹೇಳಬೇಕು.

ಸದ್ಯದ ಸ್ಥಿತಿ

ಜಗತ್ತಿನ ಇತರೆಡೆ ಸರಕು ಸೈಕಲ್ಲಿಗೆ ಅನುಕೂಲವಾದ ನಿಯಮಗಳು ಹೆಚ್ಚುತ್ತಿವೆ. ನೆದರ್‌ಲೆಂಡಿನ ಹಲವು ನಗರಗಳು 2025ರ ಜನವರಿಯಿಂದ ತಮ್ಮ ಕೇಂದ್ರಭಾಗಗಳನ್ನು ಹೊಗೆರಹಿತ ಸರಕು ಸಾಗಣೆಯ ವಲಯಗಳೆಂದು ಘೋಷಿಸಿ, ವಿನಾಯಿತಿಗಳೊಡನೆ ಹಂತಹಂತವಾಗಿ ಜಾರಿಗೆ ತರುತ್ತಿವೆ. ಕರ್ನಾಟಕವು 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಆ ಬಳಿಕ ಬೆಂಗಳೂರಿನಲ್ಲಿ ಪಾರ್ಸೆಲ್ ಬಟವಾಡೆಯು ಬಹುಮಟ್ಟಿಗೆ ವಿದ್ಯುತ್ ಸ್ಕೂಟರು ಮತ್ತು ಮೂರು ಚಕ್ರದ ಗಾಡಿಗಳ ಕಡೆಗೆ ತಿರುಗಿತು. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಸೈಕಲ್ ಸವಾರರು ರಿಲೀಫ್ ರೈಡರ್ಸ್ ಎಂಬ ಹೆಸರಿನಲ್ಲಿ ಒಗ್ಗೂಡಿ ವೃದ್ಧರ ಮನೆಗಳಿಗೆ ಔಷಧವನ್ನೂ ದಿನಸಿಯನ್ನೂ ಮುಟ್ಟಿಸಿದುದು ಸೈಕಲ್ಲಿನ ಮೂಲಕ ಬಟವಾಡೆ ನಗರದಲ್ಲಿ ಇಂದಿಗೂ ಸಾಧ್ಯವೆಂಬುದಕ್ಕೆ ನಿದರ್ಶನ.

ಮಧುಗಿರಿ ಸೀಮೆಯ ಪಟ್ಟಣಗಳಲ್ಲಿ ಕ್ಯಾರಿಯರ್ ಸೈಕಲ್ಲು ಸೊಪ್ಪು, ಹೂ, ಹಾಲುಗಳ ಚಿಲ್ಲರೆ ವ್ಯಾಪಾರದಲ್ಲಿ ಉಳಿದುಕೊಂಡಿದೆ; ಅಂಗಡಿಯಿಂದ ಅಂಗಡಿಗೆ ಸಾಗುವ ಸರಕು ಮೊಪೆಡ್ ಮತ್ತು ಲಗೇಜ್ ಆಟೋಗಳ ಪಾಲಾಗಿದೆ. ಈ ಸಾಗಣೆಗೆ ಸೈಕಲ್ಲನ್ನು ಮರಳಿ ಬಳಕೆಗೆ ತರಲು ಬೇಕಾದ ಯಂತ್ರ ದುರ್ಲಭವಲ್ಲ: ಹಳೆಯ ಸೈಕಲ್ಲಿನ ಚಕ್ರದ ನಡುವೆ ಕೂರಿಸಬಹುದಾದ ಮೋಟಾರೂ ಬ್ಯಾಟರಿಯೂ ಮಾರಾಟಕ್ಕೆ ದೊರೆಯುವುವು, ಅದನ್ನು ಬಿಗಿಯಬಲ್ಲ ಕೈಗಳು ಸೈಕಲ್ ಶಾಪುಗಳಲ್ಲಿವೆ. ಬಿಸಿಲಿನ ಸಮೃದ್ಧಿಗೆ ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ ಸುಮಾರು 13,000 ಎಕರೆಯಲ್ಲಿ ಹರಡಿರುವ, 2050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರವೇ ಸಾಕ್ಷಿ. ಸೈಕಲ್ಲಿನ ಬ್ಯಾಟರಿಗೆ ಬೇಕಾದುದು ಅದರ ಲವಲೇಶ. ಇಲ್ಲದಿರುವುದು ಸ್ಥಳ. ಬಸ್ ನಿಲ್ದಾಣದ ಬಳಿ ಸರಕನ್ನು ಇಳಿಸಿ ವಿಂಗಡಿಸಲು ನೆರಳಿರುವ ಒಂದು ಜಗಲಿಯಾಗಲಿ, ಪೇಟೆಬೀದಿಯಲ್ಲಿ ಹೇರಿದ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಲು ಗೆರೆ ಎಳೆದ ಜಾಗವಾಗಲಿ ಪಟ್ಟಣಗಳ ಯೋಜನೆಯಲ್ಲಿ ಗೊತ್ತುಮಾಡಿದ ಅಂಗಗಳಲ್ಲ.

ನಿರ್ಮಾಣದಲ್ಲಿರುವ ತುಮಕೂರು–ರಾಯದುರ್ಗ ರೈಲುಮಾರ್ಗವು ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳನ್ನೂ, ತುಮಕೂರು–ದಾವಣಗೆರೆ ಮಾರ್ಗವು ಶಿರಾ ತಾಲ್ಲೂಕನ್ನೂ ಹಾದುಹೋಗುವುವು. ಈ ಮಾರ್ಗಗಳು ಪೂರ್ಣಗೊಂಡಾಗ ನಿಲ್ದಾಣದಿಂದ ಅಂಗಡಿಬೀದಿಯವರೆಗಿನ ಸಾಗಣೆಯ ಪ್ರಶ್ನೆ ಹೊಸದಾಗಿ ಉದ್ಭವಿಸುವುದು. ನಿಲ್ದಾಣದ ಅಂಗಳದಲ್ಲಿ ಕಿರುಗೋದಾಮಿಗೂ ಸೈಕಲ್ ಗಾಡಿಗಳ ತಂಗುದಾಣಕ್ಕೂ ನೆಲವನ್ನು ಕಟ್ಟಡಗಳು ಏಳುವುದಕ್ಕೆ ಮೊದಲೇ ಕಾದಿರಿಸುವುದು ಸ್ಥಳೀಯ ಪುರಾಡಳಿತಗಳಿಗೂ ರೈಲ್ವೆ ಇಲಾಖೆಗೂ ಅಲ್ಪವೆಚ್ಚದಲ್ಲಿ ಸಾಧ್ಯವಾದ ಕಾರ್ಯ.